ತಾರಸಿ ಬಡಿದವರ ಲೆಕ್ಕ

ಕೆಡವಲು ಬಂದವರು ಮೊದಲು ಪೂಜೆ ಮಾಡಿದರು. ಪೋರ್ಟಿಕೋದ ಮುಂದೆ ಮೂರು ಇಟ್ಟಿಗೆ ನಿಲ್ಲಿಸಿ ಅರಿಶಿನ ಕುಂಕುಮ ಹಚ್ಚಿದರು. ಹಾರೆ, ಗುದ್ದಲಿ, ಪಿಕಾಸಿಗಳನ್ನು ಸಾಲಾಗಿ ಒರಗಿಸಿ ಕರ್ಪೂರ ಬೆಳಗಿದರು. ಮೇಸ್ತ್ರಿ ಬೂದುಗುಂಬಳಕಾಯಿ ಒಡೆದು, ಮನೆಯ ಕಡೆ ತಿರುಗಿ ಕೈಮುಗಿದು ತಮಿಳಿನಲ್ಲಿ ಏನೋ ಹೇಳಿಕೊಂಡರು. ಏನು ಕೇಳಿಕೊಂಡಿರಿ ಎಂದೆ. "ಕಟ್ಟಿದೋರ ಹತ್ರ ಮಾಫಿ ಕೇಳ್ದೆ ತಂಬಿ. ಕೆಡವೋರು ಕೇಳ್ಕೋಬೇಕು. ನಮ್ಮ ತಾತನ ಕಾಲದಿಂದ ಹಂಗೇ" ಎಂದರು. ಆಮೇಲೆ ತಲೆಗೆ ಟವೆಲ್ ಸುತ್ತಿಕೊಂಡು ಏಣಿ ಹತ್ತಿದರು.

ಇದು ಎಂಬತ್ತರ ದಶಕದ ನಡುವಿನ ಮಾತು. ಹಲಸೂರು ಕೆರೆಯಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿ, ಮಳೆಮರಗಳ ನೆರಳಿನ ಒಂದು ಬೀದಿ. ಡಿಸೆಂಬರ್ ತಿಂಗಳು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರು ನನ್ನ ಕೈಗೆ ಉದ್ದನೆಯ ರೆಜಿಸ್ಟರ್ ಒಂದನ್ನು ಕೊಟ್ಟು, ಇಳಿಸಿದ ಪ್ರತಿಯೊಂದು ಬಾಗಿಲು, ತೊಲೆ, ಹೆಂಚು, ಕಬ್ಬಿಣದ ಸರಳನ್ನು ಬರೆದಿಡು ಎಂದಿದ್ದರು. ಹಳೆಯ ಮನೆಯ ಸಾಮಾನಿಗೆ ಶಿವಾಜಿನಗರದ ಗುಜರಿಯಲ್ಲಿ ಒಳ್ಳೆಯ ಬೆಲೆ ಇತ್ತು. ಒಂದು ಕಿಟಕಿ ಆಚೀಚೆ ಆದರೂ ಲೆಕ್ಕ ತಪ್ಪುತ್ತಿತ್ತು. ರಾತ್ರಿ ಕಾವಲಿಗೂ ನಾನೇ. ಹಾಗಾಗಿ ಆ ಮನೆ ನೆಲಕ್ಕೆ ಬರುವವರೆಗೂ ಮೇಸ್ತ್ರಿಯ ಜೊತೆಗೆ ಅಲ್ಲಿಯೇ ಉಳಿದೆ.

ಮನೆ ಹೇಗಿತ್ತು ಎಂದು ಹೇಳಬೇಕು. ಕಲ್ಲುಗಂಬದ ಗೇಟು ದಾಟಿದರೆ ಬಾಗಿದ ದಾರಿ, ದಾರಿಯ ಕೊನೆಗೆ ಕುದುರೆ ಗಾಡಿ ಬಂದು ನಿಲ್ಲುವಷ್ಟು ಅಗಲದ ಪೋರ್ಟಿಕೋ. ಅದರ ಎರಡೂ ಕಡೆ ಅರ್ಧ ಎಂಟುಮೂಲೆಯಾಗಿ ಮುಂದಕ್ಕೆ ಚಾಚಿದ ಕೋಣೆಗಳು. ಪೋರ್ಟಿಕೋದ ನೆತ್ತಿಗೂ ಪ್ರತಿ ಕಿಟಕಿಯ ಹಣೆಗೂ ಮರದ ಮಂಕಿ ಟಾಪ್. ಬೆಂಗಳೂರಿನ ಹಳಬರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂದಿನ ಮಕ್ಕಳಿಗೆ ಹೇಳುವುದಾದರೆ, ತೆಳುವಾದ ಮರದ ಪಟ್ಟಿಗಳನ್ನು ಒತ್ತೊತ್ತಾಗಿ ನೇರ ನಿಲ್ಲಿಸಿ, ತುದಿಗಳನ್ನು ಚೂಪಾಗಿ ಕೊರೆದು, ತ್ರಿಕೋನಾಕಾರದಲ್ಲಿ ಮುಂದಕ್ಕೆ ಚಾಚಿದ ಮರೆ ಅದು. ಬಿಸಿಲು ಒಳಗೆ ಬರುವುದಿಲ್ಲ, ಗಾಳಿ ನಿಲ್ಲುವುದಿಲ್ಲ, ಅಡ್ಡಮಳೆ ಕಿಟಕಿಗೆ ಬಡಿಯುವುದಿಲ್ಲ. ಒಳಗಿನ ನಡುಹಾಲು ಉಳಿದ ಮನೆಗಿಂತ ಎತ್ತರ. ಸೂರಿನ ಹತ್ತಿರ ಸಣ್ಣ ಸಣ್ಣ ಗಾಜಿನ ಗವಾಕ್ಷಿಗಳು, ಅವನ್ನು ತೆರೆಯಲು ಕೆಳಗಿನವರೆಗೆ ಇಳಿಬಿಟ್ಟ ಹಗ್ಗ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಟುಹೋಗುತ್ತಿತ್ತು. ಹಾಲಿನಲ್ಲಿ ಬೆಂಕಿಗೂಡು, ಅದರ ಚಿಮಣಿ ತಾರಸಿ ದಾಟಿ ಮೇಲಕ್ಕೆ.

ಡಿಪ್ಲೊಮಾ ಹುಡುಗನ ಕಣ್ಣಿಗೆ ಮೊದಲು ಬಿದ್ದದ್ದು ಇವೇ. ಮೇಸ್ತ್ರಿ ತೋರಿಸಿದ್ದು ಬೇರೆ. ಪ್ರತಿ ಮಲಗುವ ಕೋಣೆಗೂ ಅಂಟಿಕೊಂಡು ಒಂದೊಂದು ಬಚ್ಚಲು, ಪ್ರತಿ ಬಚ್ಚಲಿಗೂ ಹಿತ್ತಲ ಕಡೆಗೆ ಒಂದೊಂದು ಕಿರುಬಾಗಿಲು. ಮಲ ಹೊರುವವರು ಮನೆಯೊಳಗೆ ಕಾಲಿಡದೆ ಬಂದು ಹೋಗಲಿ ಎಂದು ಇಟ್ಟದ್ದು. ಅಡುಗೆಮನೆ ಮನೆಯೊಳಗೆ ಇರಲಿಲ್ಲ. ಹೊಗೆ, ವಾಸನೆ, ಬೆಂಕಿಯ ಭಯ ಎಲ್ಲವೂ ದೂರ ಇರಲೆಂದು ಹಿಂದೆ ಪ್ರತ್ಯೇಕವಾಗಿ ಕಟ್ಟಿ, ನಡುವೆ ಹೆಂಚು ಹೊದಿಸಿದ ಓಣಿ ಮಾಡಿದ್ದರು. ಅದರ ಹಿಂದೆ ಕುದುರೆ ಲಾಯ. ಲಾಯದ ಪಕ್ಕದಲ್ಲಿ ಹತ್ತಡಿಗೆ ಹತ್ತಡಿಯ ಕೋಣೆಗಳ ಒಂದು ಸಾಲು: ಬಟ್ಲರು, ಅಡುಗೆಯವನು, ಆಯಾ, ಮಾಲಿ, ಕುದುರೆಯವನು. ಮುಂದಿನಿಂದ ನೋಡಿದವರಿಗೆ ಈ ಸಾಲು ಕಾಣುವುದೇ ಇಲ್ಲ.

ಇಂಥ ಮನೆಗಳು ಇಲ್ಲಿಗೆ ಬಂದದ್ದು ಸೊಳ್ಳೆಗಳ ದೆಸೆಯಿಂದ ಎಂದರೂ ತಪ್ಪಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಬ್ರಿಟಿಷರ ಪಡೆ ಶ್ರೀರಂಗಪಟ್ಟಣದಲ್ಲಿ ಉಳಿದಿತ್ತು. ಕಾವೇರಿ ನಡುಗಡ್ಡೆಯ ಚಳಿಜ್ವರ ಸಿಪಾಯಿಗಳನ್ನು ಸಾಲುಸಾಲಾಗಿ ಮಲಗಿಸಿತು. 1809ರಲ್ಲಿ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿಗೆ, ಪೇಟೆಯಿಂದ ಪೂರ್ವಕ್ಕೆ, ಹಲಸೂರಿನ ಬಯಲಿಗೆ ದಂಡು ಬಂದು ನಿಂತಿತು. ದಂಡಿನ ಹಿಂದೆ ದಂಡಿಗೆ ಬೇಕಾದವರೂ ಬಂದರು. ಮದ್ರಾಸ್ ಸೀಮೆಯಿಂದ ಗಾರೆಯವರು, ಬಡಗಿಗಳು, ದೋಬಿಗಳು, ಬಟ್ಲರುಗಳು, ಕಂಟ್ರಾಕ್ಟರುಗಳು. 1834ರಿಂದ ಮದ್ರಾಸ್ ಸ್ಯಾಪರ್ಸ್ ದಳದ ನೆಲೆಯೂ ಇಲ್ಲಿಗೇ ಆಯಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ಈ ಭಾಗವನ್ನು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಬ್ರಿಟಿಷರು ತಮ್ಮ ಹತ್ತಿರವೇ ಇಟ್ಟುಕೊಂಡರು. 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಇರುವಾಗ, ಅದು ಮೈಸೂರಿಗೆ ಸೇರಿತು. ನನ್ನ ಬಾಲ್ಯದಲ್ಲಿ ಹಲಸೂರಿನಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಮಾರ್ಕೆಟ್ಟಿನಲ್ಲಿ ದಖನಿ, ಶಾಲೆಯಲ್ಲಿ ಇಂಗ್ಲಿಷು ಆಡುತ್ತಿದ್ದೆವು. ಆ ದಂಡಿನ ಬಳುವಳಿ ಇದು.

ಕಂಟೋನ್ಮೆಂಟಿನ ಬಂಗಲೆ ಎಂದಕೂಡಲೆ ಎಲ್ಲರೂ ಚರ್ಚಿಲ್ ಹೆಸರು ತೆಗೆಯುತ್ತಾರೆ. 1896ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಆತ ಇಲ್ಲಿಗೆ ಬಂದ, ಗುಲಾಬಿ ಬೆಳೆದ, ಚಿಟ್ಟೆ ಹಿಡಿದ, ಪೋಲೊ ಆಡಿದ. ಇಷ್ಟು ಎಲ್ಲರಿಗೂ ಗೊತ್ತು. ಆತನ ಆತ್ಮಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೊಂದು ಲೆಕ್ಕ. ಮದುವೆಯಾಗದ ಮೂವರು ಅಧಿಕಾರಿಗಳು ಒಂದೇ ಬಂಗಲೆಯಲ್ಲಿದ್ದರು. ಒಬ್ಬೊಬ್ಬನಿಗೂ ಒಬ್ಬ ಬಟ್ಲರು, ಬಟ್ಟೆ ತೊಡಿಸಲು ಒಬ್ಬ ಹುಡುಗ, ಕುದುರೆಗೊಬ್ಬ ಸೈಸ. ಅದು ಸಾಲದೆ ಮೂವರಿಗೂ ಸೇರಿಸಿ ಇಬ್ಬರು ಮಾಲಿಗಳು, ಮೂವರು ನೀರು ಹೊರುವವರು, ನಾಲ್ವರು ದೋಬಿಗಳು, ಒಬ್ಬ ಕಾವಲುಗಾರ. ಬಂಗಲೆ ನಿಂತದ್ದು ಯಾರ ಹೆಗಲ ಮೇಲೆ ಎಂಬುದು ಸ್ವತಃ ಅದರಲ್ಲಿ ಮಲಗಿದವನೇ ಬರೆದಿಟ್ಟ ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿ ಒಬ್ಬರ ಹೆಸರೂ ಇಲ್ಲ.

ನಮ್ಮ ಬಂಗಲೆ ಕಾಫಿ ದೊರೆಯದು ಎಂದು ಬೀದಿಯಲ್ಲಿ ಹೇಳುತ್ತಿದ್ದರು. ಕೊಡಗಿನಲ್ಲಿ 1850ರ ದಶಕದಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಶುರುವಾದ ಮೇಲೆ, ಮಳೆಗಾಲ ಕಳೆಯಲೋ ಮುಪ್ಪು ಕಳೆಯಲೋ ಬೆಂಗಳೂರಿನಲ್ಲಿ ಮನೆ ಮಾಡಿಕೊಂಡ ತೋಟಗಾರರು ಇದ್ದರು. ಅವರು ಹೋದ ಮೇಲೆ ಮನೆ ಕೈ ಬದಲಾಯಿಸಿ ಕೊನೆಗೆ ಹಲಸೂರಿನದೇ ಒಂದು ವರ್ತಕರ ಮನೆತನಕ್ಕೆ ಬಂತು. ಎಕರೆಗಟ್ಟಲೆ ಕಾಂಪೌಂಡು ಇಟ್ಟುಕೊಂಡವರಿಗೆ 1976ರ ನಗರ ಭೂಮಿತಿ ಕಾಯ್ದೆ ನಿದ್ದೆಗೆಡಿಸಿತು. ಬೆಂಗಳೂರಿನಲ್ಲಿ ಖಾಲಿ ಜಾಗದ ಮಿತಿ ಆಗ 1,000 ಚದರ ಮೀಟರು. ಅಣ್ಣತಮ್ಮಂದಿರ ಪಾಲು ಬೇರೆ ಬಂದಿತ್ತು. ಮಾರಿದರು. ಅವರನ್ನು ದೂರುವ ಮನಸ್ಸು ನನಗಿಲ್ಲ. ಆ ತಾರಸಿಯನ್ನು ವರ್ಷ ವರ್ಷ ನೋಡಿಕೊಳ್ಳುವ ಖರ್ಚು ಎಷ್ಟೆಂದು ನಾನು ಬಲ್ಲೆ.

ಅದೇ ದಶಕದಲ್ಲಿ ಕಬ್ಬನ್ ಪಾರ್ಕಿನ ಅಠಾರಾ ಕಚೇರಿಯನ್ನೂ ಕೆಡವುವ ಮಾತು ಎದ್ದಿತ್ತು. ಊರವರು ಪ್ರತಿಭಟಿಸಿದರು, ಕೋರ್ಟಿಗೂ ಹೋದರು. ಕಟ್ಟಡ ಉಳಿಯಿತು. 1868ರಲ್ಲಿ ಅದನ್ನು ಕಟ್ಟಿ ಮುಗಿಸಿದ ಕಂಟ್ರಾಕ್ಟರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ಹೆಸರು ನಮಗೆ ಗೊತ್ತು. 1873ರಲ್ಲಿ ಅವರು ತೆರೆದ ಶಾಲೆಯ ಬಳಗ ಹಲಸೂರಿನ ಹತ್ತಿರ ಇವತ್ತಿಗೂ ನಡೆಯುತ್ತಿದೆ. ಮನೆಗಳ ವಿಷಯದಲ್ಲಿ ಹಾಗೆ ಆಗಲಿಲ್ಲ. 1977ರಲ್ಲಿ ಜ್ಯಾನೆಟ್ ಪಾಟ್ ಎಂಬ ಇಂಗ್ಲೆಂಡಿನ ಮಹಿಳೆ ಬೆಂಗಳೂರಿನ ಹಳೆಯ ಬಂಗಲೆಗಳ ಬಗ್ಗೆ ಒಂದು ಪುಸ್ತಕ ತಂದಿದ್ದರು. ಆದರೆ ನಮ್ಮ ಸೈಟಿಗೆ ಯಾರೂ ಪುಸ್ತಕ ಹಿಡಿದು ಬರಲಿಲ್ಲ.

ಕೆಡವುವುದಕ್ಕೂ ಒಂದು ಕ್ರಮ ಇದೆ. ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯಬೇಕು. ಹಾಗಾಗಿ ಗಮನ ಇಟ್ಟು ನೋಡಿದರೆ ಮನೆ ಕಟ್ಟಿದ ಬಗೆ ಹಿಂದುಮುಂದಾಗಿ ಕಾಣುತ್ತ ಹೋಗುತ್ತದೆ. ಮೊದಲು ವರಾಂಡದ ಹೆಂಚು ಇಳಿಯಿತು. ಮಗುಚಿ ನೋಡಿದರೆ ಬೆನ್ನ ಮೇಲೆ ಬಾಸೆಲ್ ಮಿಷನ್ನಿನ ಅಚ್ಚು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಕಾರ್ಖಾನೆಯದು. ನೇತ್ರಾವತಿ ದಡದ ಮಣ್ಣು ಘಟ್ಟ ಹತ್ತಿ ಬಂದು ಒಂದು ಶತಮಾನ ಬೆಂಗಳೂರಿನ ಮಳೆ ತಡೆದಿತ್ತು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಕಂಚಿನ ನಾದ. ಒಡೆದದ್ದು ಕೆಲವೇ.

ಹೆಂಚಿನ ಬಳಿಕ ಮಂಕಿ ಟಾಪ್. ಮೇಸ್ತ್ರಿ ಇದನ್ನು ಯಾರ ಕೈಗೂ ಕೊಡಲಿಲ್ಲ, ತಾವೇ ಹತ್ತಿದರು. ಮೊಳೆ ಬಹಳ ಕಡಿಮೆ, ಎಲ್ಲ ಕೂಡುಗಚ್ಚು. ಮರದ ಬೆಣೆ ಹೊಡೆದು ಹೊರತೆಗೆದರೆ ಒಂದೊಂದೇ ಕಟ್ಟು ಬಿಚ್ಚಿಕೊಳ್ಳುತ್ತಿತ್ತು. ಕೆಳಗೆ ಜೋಡಿಸಿಟ್ಟ ಪಟ್ಟಿಗಳನ್ನು ಎಣಿಸಿ ಬರೆಯುತ್ತಿದ್ದವನಿಗೆ ಕೂಡುವ ತುದಿಗಳಲ್ಲಿ ಉಳಿಯ ಗುರುತು ಕಂಡಿತು. ಒಂದರ ಮೇಲೆ ಕೊಕ್ಕೆಯಂತೆ, ಇನ್ನೊಂದರ ಮೇಲೆ ಸುರುಳಿ. ಬಣ್ಣ ತಾಗದೆ ಒಳಗೆ ಹುದುಗಿದ್ದರಿಂದ ನಿನ್ನೆ ಕೆತ್ತಿದಷ್ಟು ಚೂಪಾಗಿದ್ದವು. ಮೇಸ್ತ್ರಿಯನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ತುಸು ಹೊತ್ತು ನೋಡಿ ನಕ್ಕರು. ಅವು ಹಳೆಯ ತಮಿಳು ಅಂಕಿಗಳು. ಹತ್ತಕ್ಕೆ, ನೂರಕ್ಕೆ ಬೇರೆಯದೇ ಗುರುತಿದ್ದ ಲೆಕ್ಕದವು. ಶಾಲೆಗಳಲ್ಲಿ ಯಾರೂ ಅವನ್ನು ಕಲಿಸದೆ ಎಷ್ಟೋ ಕಾಲವಾಗಿತ್ತು. ಮೇಸ್ತ್ರಿಗೆ ತಾತ ಹೇಳಿಕೊಟ್ಟದ್ದು ನೆನಪಿತ್ತು. "ಇದು ಏಳು, ಇದು ಏಳರ ಜೋಡಿ. ನೆಲದ ಮೇಲೆ ಪೂರ್ತಿ ಜೋಡಿಸಿ, ನಂಬರ್ ಹೊಡೆದು, ಬಿಚ್ಚಿ, ಮೇಲೆ ಕಟ್ಟಿದಾರೆ ನೋಡು" ಎಂದರು. ಮುಂಭಾಗದಿಂದ ನೋಡಿದರೆ ವಿಲಾಯತಿಯ ಹಳ್ಳಿಮನೆಯ ಶೈಲಿ. ಕೂಡುಗಚ್ಚಿನೊಳಗೆ ಆರ್ಕಾಟು, ತಂಜಾವೂರು ಕಡೆಯ ಬಡಗಿಯ ಕೈಬರಹ.

ರೆಜಿಸ್ಟರಿನಲ್ಲಿ ಆ ಅಂಕಿಗಳನ್ನು ನಾನು ನಕಲು ಮಾಡಿಕೊಂಡೆ. ಅದಕ್ಕೆ ಯಾವ ಕಾಲಮ್ಮೂ ಇರಲಿಲ್ಲ. ಅಂಚಿನಲ್ಲಿ ಬರೆದೆ.

ಗುಜರಿಯ ಸಾಬರು ಬೆಳಿಗ್ಗೆ ಬೆಳಿಗ್ಗೆಯೇ ಬರುತ್ತಿದ್ದರು. ತೊಲೆಯ ತುದಿಯನ್ನು ಉಗುರಿನಿಂದ ಕೆರೆದು, ಮೂಗಿಗೆ ಹಿಡಿದು, "ಬರ್ಮಾ ಮಾಲ್" ಎಂದೋ "ಇದು ನಮ್ಮ ಕಾಡಿನ ತೇಗ" ಎಂದೋ ಹೇಳಿಬಿಡುತ್ತಿದ್ದರು. ಎಷ್ಟು ಖರೆಯೋ, ಬೆಲೆಯಂತೂ ಆ ಮಾತಿನ ಮೇಲೆಯೇ ನಿಲ್ಲುತ್ತಿತ್ತು. ಬೀಟೆಯ ಬಾಗಿಲುಗಳು ಮೊದಲ ವಾರವೇ ಹೋದವು. ಆಗ ಇಂದಿರಾನಗರದಲ್ಲಿ ಹೊಸ ಮನೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಹಳೆಯ ಬಾಗಿಲು ಹೊಸ ಮನೆಗೆ ಹಾಕಿಸುವ ಆಸೆ ಇದ್ದವರು ಶಿವಾಜಿನಗರಕ್ಕೆ ಬಂದು ಒಯ್ಯುತ್ತಿದ್ದರು. ಎರಡು ಕಿಟಕಿಗಳನ್ನು ಹನ್ನೆರಡನೇ ಮೈನ್ ಹತ್ತಿರದ ಒಂದು ಮನೆಯಲ್ಲಿ ಆಮೇಲೆ ನೋಡಿದ್ದೇನೆ. ಈಗ ಆ ಮನೆಯೂ ಇಲ್ಲ.

ಹೆಂಚು ಹೋಗಿ, ಬಾಗಿಲು ಹೋಗಿ, ಗೋಡೆ ತಾರಸಿಗಳಷ್ಟೇ ಉಳಿದಾಗ ರಾತ್ರಿ ಚಳಿ ತಡೆಯಲು ಆಗುತ್ತಿರಲಿಲ್ಲ. ಮೇಸ್ತ್ರಿ ನಡುಹಾಲಿನ ಬೆಂಕಿಗೂಡು ತೋರಿಸಿ, ಗೆದ್ದಲು ಹಿಡಿದ ರೀಪು, ಒಡೆದ ಪಟ್ಟಿ ಎಲ್ಲ ತಂದು ಹಾಕಿಸಿದರು. ಚಿಮಣಿ ಹೊಗೆಯನ್ನು ಸರಾಗವಾಗಿ ಎಳೆದುಕೊಂಡಿತು. ಎಷ್ಟು ವರ್ಷದ ಮೇಲೆ ಬೆಂಕಿ ಬಿದ್ದಿತ್ತೋ. ಆ ಬೆಂಕಿಯ ಮುಂದೆ ಕುಳಿತೇ ನಾನು ಕಾಲೇಜಿನಲ್ಲಿ ಕಲಿಯದ ಸಿವಿಲ್ ಕೆಲಸ ಕಲಿತೆ. ಸುಣ್ಣದ ಕಲ್ಲು ಸುಟ್ಟು, ತಣಿಸಿ, ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕುವುದು. ಮರಳು, ಇಟ್ಟಿಗೆ ಪುಡಿಯ ಸುರ್ಕಿ ಸೇರಿಸಿ ಎತ್ತಿನ ಗಾಣದಲ್ಲಿ ಅರೆಯುವುದು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಯಾವಾಗ ಎಷ್ಟು. ಗೋಡೆಯ ಕೊನೆಯ ಪದರಕ್ಕೆ ಬಳಪದ ಕಲ್ಲಿನ ನುಣುಪು ಪುಡಿ, ಅದರ ಮೇಲೆ ನಯವಾದ ಕಲ್ಲಿನಿಂದ ಉಜ್ಜು, ಉಜ್ಜು, ಕನ್ನಡಿಯ ಹೊಳಪು ಬರುವ ತನಕ ಉಜ್ಜು. ಮದ್ರಾಸಿನ ಕಡಲ ತೀರದಲ್ಲಿ ಚಿಪ್ಪು ಸುಟ್ಟು ಮಾಡುತ್ತಿದ್ದ ಗಾರೆಯ ವಿದ್ಯೆ ಹೀಗೆ ದಂಡಿನ ಜೊತೆ ಘಟ್ಟ ಹತ್ತಿ ಬಂದಿತ್ತು. ಹೇಳುತ್ತ ಹೇಳುತ್ತ ಮೇಸ್ತ್ರಿಯ ಕೈ ಗಾಳಿಯಲ್ಲಿ ಕರಣೆ ಆಡಿಸುತ್ತಿತ್ತು.

ತಾರಸಿ ಬಿಚ್ಚಿದ್ದು ಜನವರಿಯ ಮೊದಲಲ್ಲಿ. ಮದ್ರಾಸ್ ತಾರಸಿಯ ರಚನೆ ತೋರಿಕೆಗೆ ಸರಳ: ಗೋಡೆಯಿಂದ ಗೋಡೆಗೆ ತೊಲೆ, ತೊಲೆಗೆ ಅಡ್ಡ ಮರದ ಜಂತೆ. ಜಂತೆಗಳ ಮೇಲೆ ಅಂಗೈಗಿಂತ ಸ್ವಲ್ಪ ಉದ್ದದ, ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಗಾರೆಯಿಂದ ಅಂಟಿಸುತ್ತ ಹೋಗುವುದು. ಕೆಳಗೆ ಸೆಂಟರಿಂಗ್ ಇಲ್ಲ, ಆಸರೆ ಇಲ್ಲ. ಒಂದು ಇಟ್ಟಿಗೆಯನ್ನು ಹಿಡಿದಿರುವುದು ಪಕ್ಕದ ಇಟ್ಟಿಗೆ. ಗಾರೆಯವನು ಈಗಷ್ಟೇ ಕಟ್ಟಿದ್ದರ ಮೇಲೆ ತಾನೇ ಕುಳಿತು ಮುಂದಿನದನ್ನು ಕಟ್ಟುತ್ತಾನೆ. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣದ ಕಾಂಕ್ರೀಟು ನಾಲ್ಕು ಬೆರಳು ದಪ್ಪಕ್ಕೆ ಹರಡಿ, ಬಡಿಯಬೇಕು. ಬಡಿದು ಬಡಿದು ನೀರು ಮೇಲೆ ಬಂದು, ಮರದ ಕೊಡತಿ ಪುಟಿದು ಹಿಂದಕ್ಕೆ ಚಿಮ್ಮುವಷ್ಟು ಗಟ್ಟಿಯಾಗುವವರೆಗೆ. ಕೊನೆಗೆ ಚಪ್ಪಟೆ ಬಿಲ್ಲೆಗಳ ಪದರ, ಅದರ ಮೇಲೆ ಮತ್ತೆ ಗಾರೆ.

ಹಾರೆ ಇಳಿಯಲಿಲ್ಲ. ಕೂಲಿಯವರು ಬೆವೆತು ಬೈಯತೊಡಗಿದರು. ಕಿತ್ತುಬಂದ ಒಂದು ಹೆಂಟೆಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದೆ. ಇಟ್ಟಿಗೆ ಮುರಿದಿದೆ, ಗಾರೆಯ ಕೂಡು ಬಿಟ್ಟಿಲ್ಲ. ಮುರಿದ ಮಗ್ಗುಲಲ್ಲಿ ಬಿಳಿ, ಕೆಂಪು, ನಡುನಡುವೆ ಇದ್ದಿಲಿನ ಕಪ್ಪು ಚುಕ್ಕೆ. ನಾಲಿಗೆಗೆ ತಾಗಿಸಿ ನೋಡು ಎಂದರು ಮೇಸ್ತ್ರಿ. ತಾಗಿಸಿದೆ. ಒಗರು. ಅಳಲೆಕಾಯಿಯದೇ ಎಂದು ಆ ಕ್ಷಣ ಅನ್ನಿಸಿತು.

ಆಗ ಹಿಂದಿನ ಸಾಲಿನ ಕೊನೆಯ ಕೋಣೆಯಿಂದ ಅಜ್ಜಿ ಬಂದರು. ಎಪ್ಪತ್ತು ದಾಟಿದವರು. ಗಂಡ ಆ ಮನೆಯಲ್ಲಿ ಅಡುಗೆಯವರಾಗಿದ್ದವರು, ತೀರಿಹೋಗಿ ಬಹಳ ಕಾಲವಾಗಿತ್ತು. ಮನೆ ಮಾರಾಟವಾದರೂ ಅವರನ್ನು ಯಾರೂ ಎಬ್ಬಿಸಿರಲಿಲ್ಲ. ಕೆ.ಆರ್. ಪುರದಲ್ಲಿದ್ದ ಮಗನ ಮನೆಗೆ ಹೋಗಬೇಕು ಎಂದು ಮಾತಾಗಿತ್ತು. ಕೂಲಿಯವರ ಬೈಗುಳ ಕೇಳಿ ಹತ್ತಿರ ಬಂದು, ಹಿಂಬದಿಯ ಆ ತಾರಸಿಯತ್ತ ಕೈ ತೋರಿಸಿ ತಮಿಳಿನಲ್ಲಿ, "ಅದು ನಾವು ಬಡಿದದ್ದು, ಹಾಗೆಲ್ಲ ಬಿಡೋದಿಲ್ಲ" ಎಂದರು.

ಅವರು ಹೊಸದಾಗಿ ಮದುವೆಯಾಗಿ ಬಂದ ಕಾಲದಲ್ಲಿ ಹಿಂದಿನ ಕೋಣೆಗಳ ತಾರಸಿ ಸೋರಿ, ಪೂರ್ತಿ ತೆಗೆದು ಹೊಸದು ಹಾಕಿಸಿದ್ದರಂತೆ. ಗಂಡಸರು ಇಟ್ಟಿಗೆ ಕೂರಿಸಿದರು. ಬಡಿದದ್ದು ಪೂರ್ತಿ ಹೆಂಗಸರು. ಎರಡು ಸಾಲು ಎದುರುಬದುರು ಕುಕ್ಕರಗಾಲಲ್ಲಿ ಕುಳಿತು, ಕೊಡತಿ ಹಿಡಿದು, ಒಬ್ಬಳು ಹಾಡು ಎತ್ತಿಕೊಟ್ಟರೆ ಉಳಿದವರು ಬಡಿತದ ಜೊತೆ ಸೇರಿಸುವುದು. ಹಾಡು ತಪ್ಪಿದರೆ ಬಡಿತ ತಪ್ಪುತ್ತದೆ, ಬಡಿತ ತಪ್ಪಿದರೆ ಅಲ್ಲಿ ಸೋರುತ್ತದೆ. ಗಾರೆಯವನಿಗೆ ದಿನಕ್ಕೆ ಒಂದು ರೂಪಾಯಿ, ಬಡಿಯುವವಳಿಗೆ ನಾಲ್ಕಾಣೆ. ಅಜ್ಜಿ ಅಲ್ಲೇ ನೆಲದ ಮೇಲೆ ಕುಳಿತು, ಬಿದ್ದಿದ್ದ ರೀಪಿನ ತುಂಡೊಂದನ್ನು ಕೈಗೆ ತೆಗೆದುಕೊಂಡು ಬಡಿದು ತೋರಿಸಿದರು. ಜೋರಾಗಿ ಅಲ್ಲ. ಮಣಿಕಟ್ಟು ಸಡಿಲ ಬಿಟ್ಟು, ಸಣ್ಣಸಣ್ಣದಾಗಿ, ಒಂದೇ ಸಮನೆ. ನಾನು ಓದಿದ ಯಾವ ಪುಸ್ತಕದಲ್ಲೂ ತಾರಸಿಗೆ ಹಾಡು ಬೇಕೆಂದು ಬರೆದಿರಲಿಲ್ಲ. ನೆಲಮಟ್ಟದ ಕೆಲಸಕ್ಕೆ ಲೆವೆಲ್ ಬೇಕಾದಷ್ಟೇ ಅಗತ್ಯವಾಗಿ ಇಲ್ಲಿ ತಾಳ ಬೇಕು.

ಅಜ್ಜಿಗೆ ಒಂದೇ ಕೋರಿಕೆ ಇತ್ತು. ಪೊಂಗಲ್ ಮುಗಿಯುವವರೆಗೆ ಹಿಂದಿನ ಸಾಲು ಮುಟ್ಟಬೇಡಿ, ಇನ್ನೊಂದು ಸಲ ಈ ಬಾಗಿಲಲ್ಲೇ ಹಾಲು ಉಕ್ಕಿಸಿ ಹೋಗುತ್ತೇನೆ ಎಂದರು. ಆಫೀಸಿನಿಂದ ಬಂದವರು ಒಪ್ಪಲಿಲ್ಲ. ಲಾರಿಗೆ ದಾರಿ ಹಿಂದಿನಿಂದಲೇ ಮಾಡಬೇಕು, ಒಂದು ದಿನ ತಡವಾದರೂ ಬಾಡಿಗೆ ಯಾರು ಕೊಡುತ್ತಾರೆ ಎಂದರು. ಮೇಸ್ತ್ರಿ ಎದುರು ಮಾತಾಡಲಿಲ್ಲ. ಮಾರನೇ ದಿನದಿಂದ ಅವರ ಆಳುಗಳೆಲ್ಲ ಮುಂಭಾಗದಲ್ಲೇ ಕೆಲಸ ಹುಡುಕಿಕೊಂಡರು. ಚಿಮಣಿ ಕೆಡವಲು ಮೂರು ಜನ, ಪೋರ್ಟಿಕೋದ ಅಡಿಪಾಯಕ್ಕೆ ನಾಲ್ಕು ಜನ, ಉಳಿದವರು ಇಟ್ಟಿಗೆ ಕೆರೆಯಲು. ಮತ್ತೆ ಆಫೀಸಿನವರು ಬಂದಾಗ ಹಿಂದಕ್ಕೆ ಹೋಗುವ ದಾರಿಗೆ ಅಡ್ಡವಾಗಿ ಇಟ್ಟಿಗೆ ರಾಶಿ ಬಿದ್ದಿತ್ತು. ಅದು ತಾನಾಗಿ ಬಿದ್ದದ್ದಲ್ಲ. ಸಂಕ್ರಾಂತಿಯ ಬೆಳಿಗ್ಗೆ ಸೂರಿಲ್ಲದ ಬಂಗಲೆಯ ಹಿಂದೆ ಹೊಸ ಮಡಕೆಗೆ ಅರಿಶಿನದ ಕೊನೆ ಕಟ್ಟಿ ಅಜ್ಜಿ ಹಾಲುಕ್ಕಿಸಿದರು. ಎಲ್ಲರೂ "ಪೊಂಗಲೋ ಪೊಂಗಲ್" ಎಂದು ಕೂಗಿದೆವು. ನಮ್ಮ ಮನೆಯಿಂದ ನಾನು ಎಳ್ಳುಬೆಲ್ಲ ಒಯ್ದಿದ್ದೆ. ಗುಜರಿಯ ಸಾಬರೂ ಎಲೆ ಮುಂದೆ ಕುಳಿತು ಪೊಂಗಲ್ ತಿಂದರು.

ಬಹಳ ವರ್ಷಗಳ ಮೇಲೆ, ಮಗಳು ಅಮೆರಿಕದ ಫ್ಲೋರಿಡಾದಲ್ಲಿದ್ದಾಗ, ಅವಳು ನನ್ನನ್ನು ಜ್ಯಾಕ್ಸನ್‌ವಿಲ್ ಬಳಿಯ ಫೋರ್ಟ್ ಜಾರ್ಜ್ ದ್ವೀಪಕ್ಕೆ ಕರೆದೊಯ್ದಳು. ಹತ್ತಿ ಬೆಳೆದ ಕಿಂಗ್ಸ್‌ಲಿ ತೋಟದ ದೊಡ್ಡಮನೆ ಅಲ್ಲಿದೆ, 1790ರ ದಶಕದ ಕೊನೆಯದು. ನದಿಗೆ ಮುಖ ಮಾಡಿದ ಬಿಳಿಮನೆ, ನಾಲ್ಕು ಮೂಲೆಗೆ ನಾಲ್ಕು ಕೋಣೆ, ಗಾಳಿಗೆಂದೇ ಮಾಡಿದ ವರಾಂಡಗಳು. ಅಡುಗೆಮನೆ ಬೇರೆ ಕಟ್ಟಡದಲ್ಲಿ, ನಡುವೆ ಸೂರಿನ ಓಣಿ. ಅದನ್ನು ಕಂಡಕೂಡಲೆ ನನ್ನ ಕಾಲು ನಿಂತುಹೋಯಿತು. ದೊಡ್ಡಮನೆಯಿಂದ ಒಂದಷ್ಟು ದೂರಕ್ಕೆ, ಕಮಾನಿನ ಆಕಾರದಲ್ಲಿ ಗುಲಾಮರ ಗುಡಿಸಲುಗಳು. 32 ಇದ್ದವು, 25 ಉಳಿದಿವೆ. ಗೋಡೆಗಳು ಟ್ಯಾಬಿಯವು: ಸಿಂಪಿ ಚಿಪ್ಪು ಸುಟ್ಟ ಸುಣ್ಣ, ಮರಳು, ನೀರು, ಇಡೀ ಚಿಪ್ಪುಗಳು. ಕಟ್ಟಿದವರು ಆಫ್ರಿಕಾದಿಂದ ಹಿಡಿದು ತಂದು ಮಾರಿದ ಜನ. ಗೋಡೆ ಸವರಿದೆ. ಚಿಪ್ಪು ಅಂಗೈಗೆ ಒತ್ತಿತು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು ಎಂದು ನನಗೆ ಗೊತ್ತು. ಹಲಸೂರಿನ ಅಜ್ಜಿಯನ್ನು ಯಾರೂ ಸಂತೆಯಲ್ಲಿ ಕೊಂಡು ತಂದಿರಲಿಲ್ಲ. ನಾಲ್ಕಾಣೆಯಾದರೂ ಕೈಗೆ ಬರುತ್ತಿತ್ತು, ಬೇಡವೆಂದರೆ ಹೋಗಬಹುದಿತ್ತು. ಕೊಡಗಿನ ತೋಟದ ಲೈನ್ ಮನೆಗಳ ಕಥೆ ಮತ್ತೊಂದು ಬಗೆ. ಆದರೆ ನಕ್ಷೆ ಬರೆಯುವವನ ಕಣ್ಣಿಗೆ ಮೂರರಲ್ಲೂ ಒಂದು ಕ್ರಮ ಕಾಣುತ್ತದೆ: ಮುಂದೆ ನೋಡುವ ಮನೆ, ಹಿಂದೆ ನೋಡಬಾರದ ಸಾಲು, ಎರಡನ್ನೂ ಕೂಡಿಸುವ ಅಡುಗೆಯ ಓಣಿ. ಕಿಂಗ್ಸ್‌ಲಿಯಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಆ ಗುಡಿಸಲುಗಳನ್ನೂ ದೊಡ್ಡಮನೆಯಷ್ಟೇ ಜತನವಾಗಿ ಕಾಯುತ್ತಿದೆ. ಬೆಂಗಳೂರಿನಲ್ಲಿ ಉಳಿದಿರುವ ಹತ್ತಾರು ಬಂಗಲೆಗಳು ಹೋಟೆಲಾಗಿ, ಕಚೇರಿಯಾಗಿ ಉಳಿದಿವೆ. ಅವುಗಳ ಹಿಂದಿನ ಸಾಲು ಎಲ್ಲಿ ಎಂದು ಕೇಳಿದರೆ ಪಾರ್ಕಿಂಗ್ ತೋರಿಸುತ್ತಾರೆ. ಇದು ನನ್ನ ಮನಸ್ಸಿಗೆ ನೋವಾಗುವ ವಿಷಯ, ಮುಚ್ಚಿಡುವುದಿಲ್ಲ. ಹಳೆಯ ಮನೆ ರಿಪೇರಿಗೆಂದು ಕಾಕ್ಸ್ ಟೌನಿನಿಂದಲೋ ರಿಚರ್ಡ್ಸ್ ಟೌನಿನಿಂದಲೋ ಯಾರಾದರೂ ಕರೆದರೆ, ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಬೇಡಿ, ತೇವ ಒಳಗೇ ಸಿಕ್ಕಿಕೊಂಡು ಗೋಡೆ ಕೊಳೆಯುತ್ತದೆ ಎನ್ನುತ್ತೇನೆ. ಟೇಪು ಹಿಡಿದು ಮೊದಲು ಅಳೆಯುವುದು ಮಾತ್ರ ಹಿತ್ತಲನ್ನು.

ಆ ಪೊಂಗಲ್ ಹಬ್ಬದ ಮಾರನೇ ದಿನ ಅಜ್ಜಿಯ ಸಾಮಾನು ಕಟ್ಟಿದೆವು. ಎರಡು ಟ್ರಂಕು, ಒರಳು, ಪಾತ್ರೆಗಳ ಚೀಲ. ಕೆ.ಆರ್. ಪುರದ ಕಡೆ ಹೋಗುವ ಇಟ್ಟಿಗೆಯ ಲಾರಿಯಲ್ಲಿ ಡ್ರೈವರ್ ಪಕ್ಕ ಜಾಗ ಮಾಡಿಕೊಟ್ಟರು ಮೇಸ್ತ್ರಿ. ಲಾರಿ ತುಂಬುತ್ತಿರುವಾಗ ಅಜ್ಜಿ ನನ್ನ ರೆಜಿಸ್ಟರನ್ನು ನೋಡಿ, ಇದರಲ್ಲಿ ಏನು ಬರೆಯುತ್ತೀಯ ಎಂದು ಕೇಳಿದರು. ಮನೆಯಲ್ಲಿ ಏನೇನಿತ್ತು ಅದೆಲ್ಲ ಎಂದೆ. "ಹಾಗಾದರೆ ನಮ್ಮನ್ನೂ ಬರೆದುಕೋ" ಎಂದರು. ತಾರಸಿ ಬಡಿದವರ ಹೆಸರು ಒಂದೊಂದಾಗಿ ಹೇಳಿದರು. ಬೆರಳು ಮಡಚಿ, ಯಾರು ಯಾವ ಕಡೆ ಕುಳಿತಿದ್ದರು, ಹಾಡು ಎತ್ತಿಕೊಡುತ್ತಿದ್ದವಳು ಯಾರು, ಬಸುರಿಯಾಗಿ ನಡುವೆ ಬಿಟ್ಟವಳು ಯಾರು, ಎಲ್ಲ ನೆನಪಿತ್ತು. ಹನ್ನೊಂದು ಹೆಸರು. ತಮ್ಮದನ್ನು ಕೊನೆಗೆ ಹೇಳಿದರು. ಪ್ರತಿ ಹೆಸರಿನ ಮುಂದೆ ನಾಲ್ಕಾಣೆ ಎಂದು ಬರೆಸಿದರು. ಹಾಡು ಎತ್ತಿಕೊಡುವವಳಿಗೆ ಆರಾಣೆ ಕೊಡಬೇಕಿತ್ತು, ಕೊಡಲಿಲ್ಲ, ಅದನ್ನೂ ಬರೆ ಎಂದರು. ಬರೆದೆ.

ತಿಂಗಳ ಕೊನೆಗೆ ರೆಜಿಸ್ಟರ್ ಆಫೀಸಿಗೆ ಹೋಯಿತು. ಲೆಕ್ಕ ನೋಡುವವರು ಬಾಗಿಲು, ಕಿಟಕಿ, ತೊಲೆ, ಹೆಂಚು ಎಲ್ಲಕ್ಕೂ ಟಿಕ್ ಹಾಕುತ್ತ ಬಂದು ಆ ಪುಟದ ಹತ್ತಿರ ಪೆನ್ನು ನಿಲ್ಲಿಸಿದರು.

"ಏನಯ್ಯ ಇದು? ಹನ್ನೊಂದು ಜನ, ಒಂದು ಸಹಿ ಇಲ್ಲ, ತಾರೀಖಿಲ್ಲ. ಯಾರಿವರು?"

"ತಾರಸಿಯವರು ಸಾರ್."

"ಎರಡು ರೂಪಾಯಿ ಹನ್ನೆರಡಾಣೆ ಅಂತ ಟೋಟಲ್ ಬೇರೆ ಹಾಕಿದ್ದೀಯ. ಯಾರು ಕೊಡಬೇಕು?"

"ಇನ್ನೂ ಎರಡಾಣೆ ಬಾಕಿ ಇದೆ ಸಾರ್, ಕೆಳಗೆ ಬರೆದಿದ್ದೇನೆ" ಎಂದೆ.